ಸಿರೋಸಿಸ್ ಇರುವವರಿಗೆ ನಿದ್ರೆ ಮಾತ್ರೆ ಕೊಡಬಹುದೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮ ಯಜಮಾನರಿಗೆ 54 ವರ್ಷ. ಸಕ್ಕರೆ ಕಾಯಿಲೆಯ ಜೊತೆಗಿದ್ದ ಫ್ಯಾಟಿ ಲಿವರ್ ಈಗ ಸಿರೋಸಿಸ್‌ಗೆ ತಿರುಗಿದೆ, ಅಂದರೆ ಲಿವರ್ ಕಲೆಗಟ್ಟಿ ಗಡುಸಾಗಿದೆಯಂತೆ. ಒಂದು ತೊಟ್ಟು ಕುಡಿದವರಲ್ಲ. ಆದರೂ ಲಿವರ್ ಎಂದ ಕೂಡಲೇ ನೆಂಟರು ಮುಖ ಮುಖ ನೋಡಿಕೊಳ್ಳುತ್ತಾರೆಂದು ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಎರಡು ವಾರದಿಂದ ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ತೂಕಡಿಕೆ, ಮಾತೆತ್ತಿದರೆ ಸಿಡುಕು. ಅಂಗಡಿಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದವರು ಮೊನ್ನೆ ಹಾಲಿನ ಚೀಟಿಯನ್ನು ಮೂರು ಸಲ ಕೂಡಿ ಮೂರು ಮೊತ್ತ ಹೇಳಿದರು. ಮನಸ್ಸಿಗೆ ಹಚ್ಚಿಕೊಂಡಿದ್ದಾರೆ, ನಿದ್ರೆ ಮಾತ್ರೆ ಕೊಡಿ ಎನ್ನುತ್ತಾನೆ ಮೈದುನ. ಕೊಡಬಹುದೇ?

ಉತ್ತರ: ಖಂಡಿತ ಕೊಡಬೇಡಿ ಅಮ್ಮ. ಹಾಲಿನ ಚೀಟಿಯ ವಿಷಯ ಬರೆದದ್ದು ಒಳ್ಳೆಯದಾಯಿತು. ಕರುಳಿನಲ್ಲಿ ಹುಟ್ಟುವ ಅಮೋನಿಯದಂಥ ವಿಷವನ್ನು ಲಿವರ್ ತೊಳೆಯಲಾರದೇ ಹೋದಾಗ ಮಿದುಳಿಗೆ ಮಂಕು ಕವಿಯುತ್ತದೆ. ಹಗಲು ರಾತ್ರಿಯ ನಿದ್ರೆ ಅದಲುಬದಲಾಗುವುದು ಅದರ ಮೊದಮೊದಲ ಗುರುತು. ಮನೆಯವರು ಇದನ್ನು ಬೇಸರ ಎಂದುಕೊಳ್ಳುತ್ತಾರೆ. ಕೆಲವೊಮ್ಮೆ ನಾವು ವೈದ್ಯರೂ ಎಡವುತ್ತೇವೆ. ಇಂಥವರು ನಿದ್ರೆ ಮಾತ್ರೆ ನುಂಗಿದರೆ ಎಚ್ಚರ ತಪ್ಪಬಹುದು.

ಎರಡೂ ಕೈ ಮುಂದೆ ಚಾಚಿಸಿ, ಎದುರಿನವರನ್ನು ತಡೆಯುವಂತೆ ಮಣಿಕಟ್ಟಿನಿಂದ ಹಸ್ತವನ್ನು ಮೇಲಕ್ಕೆ ಬಾಗಿಸಿ ಹಿಡಿಯಲು ಹೇಳಿ. ಹಕ್ಕಿ ರೆಕ್ಕೆ ಬಡಿದಂತೆ ಆಗಾಗ ಕುಸಿಯುತ್ತವೆಯೇ? ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ? 10 ಕೂಡ ಮುಟ್ಟದಿದ್ದರೆ ಸಂಶಯ ಬಲವಾಗುತ್ತದೆ. ಮಲಬದ್ಧತೆ ಇದೆಯೇ?

ಪ್ರಶ್ನೆ: ಏಳಕ್ಕೇ ನಿಂತರು, ಅದರಲ್ಲೂ ಹಸು ಎರಡು ಸಲ ಬಂತು. ಕೈಯೂ ನೀವು ಹೇಳಿದಂತೆಯೇ ಬಡಿಯುತ್ತಿದೆ. ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ ಬರೆದುಕೊಟ್ಟಿದ್ದರು. ಬಸ್ಸಿನಲ್ಲಿ ಒಮ್ಮೆ ಪೇಚಾಟವಾದ ಮೇಲೆ ಅವರೇ ನಿಲ್ಲಿಸಿದರಂತೆ. ನಾಲ್ಕು ದಿನದಿಂದ ಹೊಟ್ಟೆ ಖಾಲಿಯಾಗಿಲ್ಲ.

ಉತ್ತರ: ಈಗಲೇ ಆಸ್ಪತ್ರೆಗೆ ಹೊರಡಿ. ಸ್ಕೂಟರ್ ಅವರ ಕೈಗೆ ಕೊಡಬೇಡಿ. ಸೋಂಕು, ಒಳಗಿನ ರಕ್ತಸ್ರಾವ ಇವೆಯೇ ಎಂದೂ ಅಲ್ಲಿ ನೋಡುತ್ತಾರೆ. ಸಾಮಾನ್ಯವಾಗಿ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಾಗುವಂತೆ ಆ ಸಿರಪ್ಪಿನ ಅಳತೆ ಹೊಂದಿಸುತ್ತಾರೆ. ಬಸ್ಸಿನ ಸಂಗತಿಯನ್ನು ನಾಚಿಕೆ ಬಿಟ್ಟು ಹೇಳಿ. ಪ್ರಯಾಣದ ದಿನ ಯಾವ ಹೊತ್ತಿಗೆ ಕುಡಿಯಬೇಕೆಂದು ಕೇಳಿಕೊಳ್ಳಿ. ಬೇಳೆ, ಮೊಸರು ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಮೈಯ ಮಾಂಸ ಕರಗಿದರೆ ಈ ಮಂಕು ಇನ್ನೂ ಹೆಚ್ಚುತ್ತದೆ.

ಮಂಕು ಇಳಿದರೂ ನೆಂಟರ ನೋಟ ಕೊಟ್ಟ ನೋವು ಇಳಿಯುವುದಿಲ್ಲ. ಸಿರೋಸಿಸ್ ಇರುವವರಲ್ಲಿ ಖಿನ್ನತೆ ಅಪರೂಪವಲ್ಲ, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ಮನೋವೈದ್ಯರಿಗೆ ಲಿವರ್ ವರದಿ ತೋರಿಸಿದರೆ ಮಾತ್ರೆಯ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಇಡುತ್ತಾರೆ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ನೀವೂ ಒಮ್ಮೆ ಮಾಡಿ. ಎರಡು ವಾರದಿಂದ ನಿಮಗೂ ನಿದ್ರೆ ಇಲ್ಲವಲ್ಲ.

ಪ್ರಶ್ನೆ ಕೇಳಿದವರು: ಆಟೋ ಬಂತು. ಸಿರಪ್ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡಿದ್ದೇನೆ, ಮುಕ್ಕಾಲು ಹಾಗೆಯೇ ಇದೆ.