ಹೊಸ ಫೋಟೋಶಾಪ್‌ನ ಪಿಎಸ್‌ಡಿ ಪ್ರೆಸ್‌ನವರ ಫೋಟೋಶಾಪ್ 7ರಲ್ಲಿ ಲೇಯರ್ ಸಮೇತ ತೆರೆಯಬೇಕು, ಹೇಗೆ?

ಬಣ್ಣದಡಬ್ಬಿ (ಪ್ರಶ್ನೆ)

ಲಗ್ನಪತ್ರಿಕೆ ಡಿಸೈನ್ ಆಗ್ತಿರೋದು ಫೋಟೋಶಾಪ್ 2024ರಲ್ಲಿ. ಪ್ರೆಸ್‌ನಲ್ಲಿರೋದು ವಿಂಡೋಸ್ ಎಕ್ಸ್‌ಪಿ, ಅದರ ಮೇಲೆ ಫೋಟೋಶಾಪ್ 7.0 ಮತ್ತು ಕೋರೆಲ್‌ಡ್ರಾ ಎಕ್ಸ್3. ಕೊನೇ ಗಳಿಗೆಯಲ್ಲಿ ಹೆಸರು, ಮುಹೂರ್ತದ ಸಮಯ ತಿದ್ದಬೇಕಾಗುತ್ತೆ, ಅದಕ್ಕೆ ಲೇಯರ್ (ಬಿಡಿಬಿಡಿ ಪದರ) ಇರೋ ಪಿಎಸ್‌ಡಿನೇ (ಫೋಟೋಶಾಪ್‌ನ ಸ್ವಂತ ಫೈಲ್) ಬೇಕು ಅಂತಾರೆ. ಸೈಜ್ 7×5 ಇಂಚು, 300 ಡಿಪಿಐ, ಸಿಎಂವೈಕೆ (ನಾಲ್ಕು ಬಣ್ಣದ ಪ್ರಿಂಟಿಂಗ್).

ಅಲ್ಲಿ ತೆರೆದಾಗ ಆಗೋದು ಇಷ್ಟು: ಮೊದಲು ‘ಗೊತ್ತಿಲ್ಲದ ಡೇಟಾ ಇದೆ’ ಅನ್ನೋ ಸಂದೇಶ ಬಂದು, ಫ್ಲಾಟನ್ (ಎಲ್ಲಾ ಸೇರಿಸಿ ಒಂದೇ ಚಿತ್ರ) ಅಥವಾ ಕೀಪ್ ಲೇಯರ್ಸ್ ಅಂತ ಕೇಳುತ್ತೆ. ಕೀಪ್ ಲೇಯರ್ಸ್ ಕೊಟ್ಟರೆ ಜೋಡಿ ಗೆರೆಯ ಬಾರ್ಡರ್‌ನಲ್ಲಿ ಒಂದೇ ಗೆರೆ ಉಳಿಯುತ್ತೆ, ಫೋಟೋದ ಬಣ್ಣ ಸಪ್ಪೆ ಆಗುತ್ತೆ. ಹೆಸರು ತಿದ್ದೋಕೆ ಟೆಕ್ಸ್ಟ್ ಮೇಲೆ ಕ್ಲಿಕ್ ಮಾಡಿದ ತಕ್ಷಣ ‘ಶ್ರೀ’ ಹೋಗಿ ಶ, ರ, ದೀರ್ಘ ಎಲ್ಲಾ ಬಿಡಿಬಿಡಿ. ಕೋರೆಲ್‌ನಲ್ಲಿ ಸೇವ್ ಆ್ಯಸ್ ಮಾಡುವಾಗ ವರ್ಷನ್ ಆರಿಸೋಕೆ ಬರುತ್ತಲ್ಲ, ಫೋಟೋಶಾಪ್‌ನಲ್ಲಿ ಅದು ಎಲ್ಲಿದೆ?

ಹಳೇಲೇಯರ್

ಅದು ಎಲ್ಲೂ ಇಲ್ಲ. ಪಿಎಸ್‌ಡಿ ಫೈಲಿನ ಆರಂಭದಲ್ಲಿ ಒಂದು ಆವೃತ್ತಿ ಸಂಖ್ಯೆ ಇರುತ್ತೆ: ಪಿಎಸ್‌ಡಿಗೆ 1, ಪಿಎಸ್‌ಬಿಗೆ (ತುಂಬಾ ದೊಡ್ಡ ಫೈಲಿನ ಫಾರ್ಮ್ಯಾಟ್) 2. ಫೋಟೋಶಾಪ್ 7ರ ಫೈಲಿಗೂ 1, 2024ರ ಫೈಲಿಗೂ 1. ಹೊಸ ಸೌಲಭ್ಯ ಬಂದಾಗಲೆಲ್ಲ ಅದರ ಮಾಹಿತಿಯನ್ನು ಲೇಯರ್ ಜೊತೆ ಪ್ರತ್ಯೇಕ ತುಂಡಾಗಿ ಸೇರಿಸ್ತಾ ಬಂದಿದ್ದಾರೆ. ಹಳೇ ಫೋಟೋಶಾಪ್ ತನಗೆ ಗುರುತು ಸಿಕ್ಕ ತುಂಡು ಓದಿ ಉಳಿದದ್ದನ್ನು ಬಿಟ್ಟುಬಿಡುತ್ತೆ. ನಿಮಗೆ ಬಂದ ಸಂದೇಶ ಹೇಳೋದೂ ಇದನ್ನೇ. ಹಾಗಾಗಿ ‘ಹಳೇ ವರ್ಷನ್‌ಗೆ ಸೇವ್’ ಮಾಡೋದು ಅಂದರೆ 7ಕ್ಕೆ ಗೊತ್ತಿರುವ ವಸ್ತುಗಳು ಮಾತ್ರ ಇರುವ ಇನ್ನೊಂದು ಕಾಪಿ ಕಟ್ಟೋದು, ಅಷ್ಟೇ.

ಮೊದಲು ಪ್ರಿಫರೆನ್ಸಸ್ > ಫೈಲ್ ಹ್ಯಾಂಡ್ಲಿಂಗ್‌ನಲ್ಲಿ ‘ಮ್ಯಾಕ್ಸಿಮೈಜ್ ಪಿಎಸ್‌ಡಿ ಆ್ಯಂಡ್ ಪಿಎಸ್‌ಬಿ ಫೈಲ್ ಕಂಪ್ಯಾಟಿಬಿಲಿಟಿ’ಯನ್ನು ಆಲ್ವೇಸ್ ಮಾಡಿ. ಇದು ಲೇಯರ್‌ಗಳನ್ನು ಹಳೇದಕ್ಕೆ ಅರ್ಥ ಮಾಡಿಸುತ್ತೆ ಅಂತ ಬಹಳ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಲೇಯರ್‌ಗಳ ಜೊತೆಗೆ ಎಲ್ಲ ಸೇರಿದ ಒಂದು ಚಪ್ಪಟೆ ಚಿತ್ರವನ್ನೂ ಫೈಲಿನಲ್ಲಿ ಇಡುತ್ತೆ, ಫ್ಲಾಟನ್ ಒತ್ತಿದಾಗ ಬರೋದು ಆ ಚಿತ್ರ. ಫೈಲ್ ದಪ್ಪ ಆಗುತ್ತೆ, ಆದರೂ ಇರಲಿ. ಪ್ರೆಸ್‌ನವರಿಗೆ ಸರಿಯಾದ ರೂಪ ಹೇಗಿರಬೇಕು ಅಂತ ಹೋಲಿಸಿ ನೋಡೋಕೆ ಅದೊಂದೇ ಆಧಾರ.

ಇನ್ನು ಏನು ಉಳಿಯುತ್ತೆ, ಏನು ಹೋಗುತ್ತೆ ಅನ್ನೋದು. ಫೋಟೋಶಾಪ್ 7 ಬಂದಿದ್ದು 2002ರಲ್ಲಿ. ಅದರ ನಂತರದ ಆವೃತ್ತಿಗಳ ಹೆಸರು ಸಿಎಸ್, ಆಮೇಲೆ ಸಿಸಿ. ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಚಿತ್ರವನ್ನು ಒಳಗೇ ಹುದುಗಿಸಿಟ್ಟ ಲೇಯರ್) ಬಂದಿದ್ದು ಸಿಎಸ್2ರಲ್ಲಿ (2005), ಸ್ಮಾರ್ಟ್ ಫಿಲ್ಟರ್ ಸಿಎಸ್3ರಲ್ಲಿ (2007), ಗ್ರೂಪ್‌ಗೇ ಲೇಯರ್ ಸ್ಟೈಲ್ ಹಾಕುವುದು ಮತ್ತು ಶೇಪ್‌ಗೇ ಅಂಟಿದ ಸ್ಟ್ರೋಕ್ ಸಿಎಸ್6ರಲ್ಲಿ (2012), ಆರ್ಟ್‌ಬೋರ್ಡ್ ಮತ್ತು ಒಂದೇ ಲೇಯರ್‌ಗೆ ಎರಡು ಮೂರು ಸ್ಟ್ರೋಕ್ ಅಥವಾ ಶ್ಯಾಡೋ ಹಾಕುವುದು ಸಿಸಿ 2015ರಲ್ಲಿ. ನಿಮ್ಮ ಜೋಡಿ ಗೆರೆ ಎಲ್ಲಿ ಹೋಯ್ತು ಅಂತ ಈಗ ಗೊತ್ತಾಯ್ತಲ್ಲ. ಲೇಯರನ್ನು ಡೂಪ್ಲಿಕೇಟ್ ಮಾಡಿ, ಕೆಳಗಿನದಕ್ಕೆ ಅಗಲ ಸ್ಟ್ರೋಕ್, ಮೇಲಿನದಕ್ಕೆ ಸಣ್ಣ ಸ್ಟ್ರೋಕ್ ಕೊಡಿ. ಎರಡೂ ಲೇಯರ್ ಸ್ಟೈಲ್‌ನ ಸ್ಟ್ರೋಕ್ ಆಗಿರಲಿ, ಅದು 7ರಲ್ಲೂ ಇದೆ. ಮೇಲಿನ ಆಪ್ಷನ್ ಬಾರ್‌ನ ಶೇಪ್ ಸ್ಟ್ರೋಕ್ ಮಾತ್ರ ‘ನನ್’ (None, ಅಂದರೆ ಏನೂ ಇಲ್ಲ) ಇರಬೇಕು.

ಫೋಟೋ ಸಪ್ಪೆ ಆಗೋಕೆ ಅಡ್ಜಸ್ಟ್‌ಮೆಂಟ್ ಲೇಯರ್ (ಕೆಳಗಿನ ಚಿತ್ರದ ಬಣ್ಣ, ಬೆಳಕು ತಿದ್ದುವ ಲೇಯರ್) ಕಾರಣ. ವೈಬ್ರೆನ್ಸ್, ಬ್ಲ್ಯಾಕ್ ಆ್ಯಂಡ್ ವೈಟ್, ಎಕ್ಸ್‌ಪೋಷರ್, ಫೋಟೋ ಫಿಲ್ಟರ್, ಕಲರ್ ಲುಕಪ್ ಯಾವುದೂ 7ಕ್ಕೆ ಗೊತ್ತಿಲ್ಲ. ಲೆವೆಲ್ಸ್, ಕರ್ವ್ಸ್, ಹ್ಯೂ/ಸ್ಯಾಚುರೇಷನ್, ಕಲರ್ ಬ್ಯಾಲೆನ್ಸ್, ಸೆಲೆಕ್ಟಿವ್ ಕಲರ್ ಗೊತ್ತು. ಬ್ರೈಟ್‌ನೆಸ್/ಕಾಂಟ್ರಾಸ್ಟ್ ಇದೆಯಲ್ಲ, ಅದು ಮೋಸ ಮಾಡುತ್ತೆ: ಎರಡರಲ್ಲೂ ಇದೆ, ಆದರೆ ಸಿಎಸ್3ರಿಂದ ಲೆಕ್ಕ ಹಾಕುವ ರೀತಿ ಬೇರೆ. ‘ಯೂಸ್ ಲೆಗಸಿ’ಗೆ ಟಿಕ್ ಹಾಕಿಯೇ ಬಳಸಿ. ಬ್ಲೆಂಡ್ ಮೋಡ್‌ನಲ್ಲಿ ಹಾರ್ಡ್ ಮಿಕ್ಸ್, ಡಾರ್ಕರ್ ಕಲರ್, ಲೈಟರ್ ಕಲರ್, ಸಬ್‌ಟ್ರ್ಯಾಕ್ಟ್, ಡಿವೈಡ್ ಬೇಡ.

ಕೆಲಸದ ಕ್ರಮ ಹೀಗೆ. ಮೂಲ ಫೈಲ್ ಮುಟ್ಟದೆ ಫೈಲ್ > ಸೇವ್ ಎ ಕಾಪಿ ಕೊಟ್ಟು, ಕ್ಲೌಡ್‌ಗಲ್ಲ, ಕಂಪ್ಯೂಟರ್‌ಗೇ ಸೇವ್ ಮಾಡಿ ಆ ಕಾಪಿ ತೆರೆಯಿರಿ. ಇಮೇಜ್ > ಮೋಡ್‌ನಲ್ಲಿ 8 ಬಿಟ್ಸ್ ಇರಲಿ, 16 ಬಿಟ್‌ನಲ್ಲಿ ಲೇಯರ್ ಇಡೋಕೆ 7ಕ್ಕೆ ಬರಲ್ಲ. ಆರ್ಟ್‌ಬೋರ್ಡ್ ಇದ್ದರೆ ಅನ್‌ಗ್ರೂಪ್ ಮಾಡಿ. ಸ್ಮಾರ್ಟ್ ಆಬ್ಜೆಕ್ಟ್‌ಗಳ ಮೇಲೆ ರೈಟ್ ಕ್ಲಿಕ್, ರಾಸ್ಟರೈಜ್ ಲೇಯರ್. ಒಳಗೆ ಹುದುಗಿದ್ದ ಮೂಲ ಚಿತ್ರ ಹೋಗುವುದರಿಂದ ಫೈಲೂ ಇಳಿಯುತ್ತೆ. ಫೋಟೋ ಮತ್ತು ಅದರ ಅಡ್ಜಸ್ಟ್‌ಮೆಂಟ್‌ಗಳನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್+ಇ. ಗ್ರೂಪ್ ಒಳಗೆ ಗ್ರೂಪ್ ಇಡಬೇಡಿ, 7ರ ಲೇಯರ್ ಸೆಟ್ ಒಂದೇ ಹಂತದ್ದು. ಫೈಲ್ ಹೆಸರು, ಲೇಯರ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಕನ್ನಡದಲ್ಲಿಟ್ಟರೆ ಅಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಕಾಣೋ ಸಾಧ್ಯತೆ ಜಾಸ್ತಿ.

ತಲೆಕಟ್ಟು

ಟೆಕ್ಸ್ಟ್ ವಿಷಯ ನೋಡ್ರಿ, ನಿಜವಾದ ತಲೆನೋವು ಅದೇ.

ಯೂನಿಕೋಡ್ ಕನ್ನಡದಲ್ಲಿ ‘ಶ್ರೀ’ ಅನ್ನೋದು ಶ, ಹಲಂತ, ರ, ದೀರ್ಘ ಈಕಾರ ಅಂತ ನಾಲ್ಕು ಕೋಡ್. ಅವನ್ನ ಸೇರಿಸಿ ಒತ್ತಕ್ಷರ ಕೂಡಿಸೋದು ಸಾಫ್ಟ್‌ವೇರಿನ ಟೆಕ್ಸ್ಟ್ ಎಂಜಿನ್ ಕೆಲಸ. 7ರಲ್ಲಿ ಆ ಎಂಜಿನ್ ಇಲ್ಲ. ತುಂಗಾ ಹಾಕ್ರಿ, ಇನ್ನಾವುದೇ ಯೂನಿಕೋಡ್ ಫಾಂಟ್ ಹಾಕ್ರಿ, ಅಲ್ಲಿ ಕೂಡಲ್ಲ. ಆದರೆ ಫೈಲ್ ತೆರೆದ ಕೂಡಲೇ ಅಕ್ಷರ ಒಡೆಯಲ್ಲ, ಯಾಕಂದ್ರೆ ಟೆಕ್ಸ್ಟ್ ಲೇಯರ್ ಜೊತೆ ಅದರ ಚಿತ್ರವೂ ಇರುತ್ತೆ. ತೆರೆಯುವಾಗ ‘ಕೆಲವು ಟೆಕ್ಸ್ಟ್ ಲೇಯರ್ ಅಪ್‌ಡೇಟ್ ಮಾಡಬೇಕಾ’ ಅಂತ ಕೇಳಿದರೆ ನೋ ಒತ್ತಲಿ. ಅಪ್‌ಡೇಟ್ ಒತ್ತಿದರೂ, ಟೆಕ್ಸ್ಟ್ ಒಳಗೆ ಕರ್ಸರ್ ಇಟ್ಟು ಏನಾದ್ರೂ ತಿದ್ದಿದರೂ 7 ಅದನ್ನ ತನ್ನ ಎಂಜಿನ್‌ನಲ್ಲಿ ಮತ್ತೆ ಜೋಡಿಸೋಕೆ ಹೋಗುತ್ತೆ. ಒಡೆಯೋದು ಆಗ.

ಬದಲಾಗದ ಸಾಲುಗಳನ್ನ (ಗಣೇಶ ಸ್ತುತಿ, ‘ಸುಖಾಗಮನ ಬಯಸುವವರು’ ಇತ್ಯಾದಿ) ಹೊಸ ಫೋಟೋಶಾಪ್‌ನಲ್ಲೇ ಟೈಪ್ > ಕನ್ವರ್ಟ್ ಟು ಶೇಪ್ ಮಾಡಿಬಿಡ್ರಿ. ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗೋ ಕಡೆ ಬಿಳಿ ತೂತು ಕಂಡರೆ ಪಾತ್ ಸೆಲೆಕ್ಷನ್ ಟೂಲ್‌ನಿಂದ ತಾಗಿಕೊಂಡ ಎರಡು ತುಂಡು ಮಾತ್ರ ಹಿಡಿದು ಕಂಬೈನ್ ಶೇಪ್ಸ್, ಆಮೇಲೆ ಮರ್ಜ್ ಶೇಪ್ ಕಾಂಪೊನೆಂಟ್ಸ್. ಇಡೀ ಸಾಲು ಹಿಡಿದು ಕಂಬೈನ್ ಕೊಟ್ಟರೆ ‘ಠ’, ‘ಥ’ ಒಳಗಿನ ಖಾಲಿ ಜಾಗವೂ ತುಂಬಿಕೊಳ್ಳುತ್ತೆ.

ಬದಲಾಗೋ ಹೆಸರು, ದಿನಾಂಕಕ್ಕೆ ನುಡಿ 01 ಇ ಥರದ ಆಸ್ಕಿ ಫಾಂಟೇ ಗತಿ. ಅದರಲ್ಲಿ ಕೂಡಿಸೋ ಕೆಲಸ ಇಲ್ಲ, ಅಕ್ಷರದ ಚೂರುಗಳೇ ಇಂಗ್ಲಿಷ್ ಕೋಡ್‌ಗಳ ಜಾಗದಲ್ಲಿ ಕೂತಿರ್ತವೆ. ‘ಕ’ ಅಂದ್ರೆ ದೊಡ್ಡ ಪಿ ಜಾಗದಲ್ಲಿರೋ ದೇಹ, ಪಕ್ಕದಲ್ಲಿ ಇನ್ನೊಂದು ಕೋಡ್‌ನ ತಲೆಕಟ್ಟು. ‘ಕನ್ನಡ’ ಪದಕ್ಕೆ ಏಳು ಕೋಡ್. 7ಕ್ಕೆ ಇದು ಇಂಗ್ಲಿಷ್ ಪದದ ಹಾಗೇ ಕಾಣೋದರಿಂದ ತಕರಾರಿಲ್ಲ. ಎರಡೂ ಮಷೀನ್‌ನಲ್ಲಿ ಅದೇ ಟಿಟಿಎಫ್ ಫೈಲ್ ಇರಬೇಕು.

ಹೊಸ ಫೋಟೋಶಾಪ್‌ನಲ್ಲಿ ಆಸ್ಕಿ ಹಾಕುವಾಗ ಕೆಡೋದು ಇವು: ಕರ್ನಿಂಗ್ ಆಪ್ಟಿಕಲ್ ಇದ್ದರೆ, ಟ್ರ್ಯಾಕಿಂಗ್ ಸೊನ್ನೆ ಬಿಟ್ಟು ಬೇರೆ ಇದ್ದರೆ ತಲೆಕಟ್ಟು ದೇಹದಿಂದ ಕಳಚಿ ನಿಲ್ಲುತ್ತೆ. ಮೆಟ್ರಿಕ್ಸ್ ಮತ್ತು 0 ಇಡ್ರಿ. ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಹೈಫನೇಟ್ ಟಿಕ್ ತೆಗೀರಿ, ಇಲ್ಲದಿದ್ದರೆ ಇಂಗ್ಲಿಷ್ ಪದ ಅಂದ್ಕೊಂಡು ಅಕ್ಷರದ ನಟ್ಟನಡುವೆ ಸಾಲು ಒಡೀತದೆ. ಆಲ್ ಕ್ಯಾಪ್ಸ್ ಮುಟ್ಟಬೇಡ್ರಿ. ಚಿಕ್ಕ ಅಕ್ಷರ, ದೊಡ್ಡ ಅಕ್ಷರ ಅಲ್ಲಿ ಬೇರೆಬೇರೆ ಕನ್ನಡ ಅಕ್ಷರ. ಸ್ಮಾರ್ಟ್ ಕೋಟ್ಸ್ ಕೂಡ ಆಫ್.

ಯೂನಿಕೋಡ್‌ನಲ್ಲಿ ಇರೋ ಪಠ್ಯವನ್ನ ನುಡಿ ಅಥವಾ ಬರಹದ ಪರಿವರ್ತಕದಲ್ಲಿ ಹಾಕಿದ ಮೇಲೆ ಅರ್ಕಾವತ್ತು ಇರೋ ಪದ, ‘ಚಿ||’, ‘ಚಿ||ಸೌ||’ ಪಕ್ಕದ ಗೆರೆ, ಹೆಸರಿನ ಮುಂದಿನ ಇಂಗ್ಲಿಷ್ ಡಿಗ್ರಿ ಇವನ್ನ ಕಣ್ಣಿಟ್ಟು ನೋಡ್ರಿ. ಡಿಗ್ರಿಯ ಅಕ್ಷರಕ್ಕೆ ಬೇರೆ ಇಂಗ್ಲಿಷ್ ಫಾಂಟ್ ಕೊಡದಿದ್ದರೆ ಅದೂ ಕನ್ನಡವಾಗಿಬಿಡುತ್ತೆ.

ನಾಲ್ಕುಬಣ್ಣ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಪ್ರೆಸ್‌ನಲ್ಲಿ ಕೋರೆಲ್ ಇರುವಾಗ ಹೆಸರನ್ನು ಫೋಟೋಶಾಪ್‌ನಲ್ಲಿ ತಿದ್ದುವ ಹಟ ಯಾಕೆ ಮಾರಾಯ್ರೇ? ಪಿಎಸ್‌ಡಿಯನ್ನು ಚಪ್ಪಟೆ ಮಾಡಿ ಪ್ಲೇಟ್‌ಗೆ ಕಳಿಸಿದರೆ ಟೆಕ್ಸ್ಟ್ 300 ಡಿಪಿಐ ಚಿತ್ರವಾಗಿ ಹೋಗುತ್ತದೆ. 8 ಪಾಯಿಂಟ್ ಅಕ್ಷರದ ಅಂಚು ಆಗ ನುಣುಪಾಗಿ ಬರುವುದಿಲ್ಲ. ಕೋರೆಲ್‌ನಿಂದ ಹೋದರೆ ಅಂಚು ಚೂಪಾಗಿರುತ್ತದೆ.

ಹಿನ್ನೆಲೆ, ಫೋಟೋ, ಬಾರ್ಡರ್ ಇಷ್ಟನ್ನು ಮಾತ್ರ ಟಿಫ್ (ಪ್ರಿಂಟಿಂಗ್‌ಗೆ ಬಳಸುವ ಚಿತ್ರದ ಫೈಲ್) ಮಾಡಿ. ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಸೇರಿಸಿದರೆ 7×5 ಇಂಚಿಗೆ ಸುಮಾರು 2171×1571 ಪಿಕ್ಸೆಲ್. ಟಿಫ್ ಆಪ್ಷನ್ಸ್‌ನಲ್ಲಿ ಇಮೇಜ್ ಕಂಪ್ರೆಷನ್ ಎಲ್‌ಝಡ್‌ಡಬ್ಲ್ಯೂ ಅಥವಾ ನನ್, ಕೆಳಗಡೆ ‘ಡಿಸ್ಕಾರ್ಡ್ ಲೇಯರ್ಸ್ ಆ್ಯಂಡ್ ಸೇವ್ ಎ ಕಾಪಿ’. ಜಿಪ್, ಜೆಪೆಗ್ ಕಂಪ್ರೆಷನ್ ಇಟ್ಟರೆ ಹಳೇ ಸಾಫ್ಟ್‌ವೇರ್ ಕೈಕೊಡುತ್ತದೆ.

ಟಿಫನ್ನು ಕೋರೆಲ್‌ನಲ್ಲಿ ಇಂಪೋರ್ಟ್ ಮಾಡಿ ಅದರ ಮೇಲೆ ನುಡಿ ಫಾಂಟ್‌ನಲ್ಲಿ ಟೆಕ್ಸ್ಟ್ ಕೂರಿಸಿ. ನಿಮ್ಮ ಹತ್ತಿರ ಹೊಸ ಕೋರೆಲ್ ಇದ್ದರೆ ಸೇವ್ ಆ್ಯಸ್‌ನಲ್ಲಿ ವರ್ಷನ್ 13 ಆರಿಸಿ, ಎಕ್ಸ್3 ಅಂದರೆ 13. ಹೆಸರಿನ ಸಾಲುಗಳನ್ನು ಟೆಕ್ಸ್ಟ್ ಆಗಿಯೇ ಬಿಡಿ, ಉಳಿದದ್ದಕ್ಕೆ ಕಂಟ್ರೋಲ್+ಕ್ಯೂ ಕೊಟ್ಟು ಕರ್ವ್ ಮಾಡಿ. ಕರ್ವ್ ಆದ ಮೇಲೆ ತಾಗುವ ಕಡೆ ತೂತು ಬಿದ್ದರೆ ಬ್ರೇಕ್ ಅಪಾರ್ಟ್ ಮಾಡಿ ತಾಗಿಕೊಂಡ ತುಂಡುಗಳನ್ನು ವೆಲ್ಡ್ ಮಾಡಿ. ಒಳಗಿನ ಖಾಲಿ ಜಾಗ ಇರುವ ಅಕ್ಷರವನ್ನು ಮತ್ತೆ ಕಂಬೈನ್ ಮಾಡಲು ಮರೆಯಬೇಡಿ.

ಕಪ್ಪು ಟೆಕ್ಸ್ಟ್ ಶುದ್ಧ ಕೆ 100 (ಬರೀ ಕಪ್ಪು ಶಾಯಿ) ಇದೆಯೇ ನೋಡಿ. ಆರ್‌ಜಿಬಿ ಕಪ್ಪನ್ನು ಸಿಎಂವೈಕೆಗೆ ತಿರುಗಿಸಿದ್ದಾದರೆ ನಾಲ್ಕೂ ಬಣ್ಣ ಸೇರಿಕೊಂಡಿರುತ್ತದೆ, ರಿಜಿಸ್ಟ್ರೇಷನ್ (ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು) ಕೂದಲೆಳೆ ತಪ್ಪಿದರೂ ಸಣ್ಣ ಅಕ್ಷರಕ್ಕೆ ಬಣ್ಣದ ನೆರಳು ಬರುತ್ತದೆ.

ತಿದ್ದುವುದೇನೂ ಇಲ್ಲ ಅಂದರೆ ಇಷ್ಟೆಲ್ಲ ಬೇಡ. ಪಿಡಿಎಫ್/ಎಕ್ಸ್-1ಎ:2001 ಪ್ರಿಸೆಟ್‌ನಲ್ಲಿ ಪಿಡಿಎಫ್ ಕೊಡಿ. ಅದು ಪಿಡಿಎಫ್ 1.3, ಒಳಗೆ ಟ್ರಾನ್ಸ್‌ಪರೆನ್ಸಿ ಇರುವುದಿಲ್ಲ, ಫಾಂಟ್ ಎಂಬೆಡ್ ಆಗಿರುತ್ತದೆ. ‘ಪ್ರಿಸರ್ವ್ ಫೋಟೋಶಾಪ್ ಎಡಿಟಿಂಗ್’ ಟಿಕ್ ಮಾತ್ರ ತೆಗೆದಿರಬೇಕು.

ಬಣ್ಣದಡಬ್ಬಿ

ಎಲ್ಲರಿಗೂ ಥ್ಯಾಂಕ್ಸ್. ಟಿಫ್ + ಕೋರೆಲ್ ದಾರೀಲಿ ಪತ್ರಿಕೆ ಸರಿಯಾಯ್ತು. ಇನ್ನೆರಡು ಕೇಳ್ತೀನಿ. ಇನ್ನೊಂದು ಪಿಎಸ್‌ಡಿಯಲ್ಲಿ ಹೂವಿನ ಗ್ರೂಪ್‌ಗೆ ಹಾಕಿದ್ದ ಡ್ರಾಪ್ ಶ್ಯಾಡೋ 7ರಲ್ಲಿ ಕಾಣ್ತಿಲ್ಲ. ಮತ್ತೆ ಅದೇ ಮದುವೆಗೆ 40×20 ಅಡಿ ಫ್ಲೆಕ್ಸ್ ಇದೆ, 72 ಡಿಪಿಐನಲ್ಲಿ ಮಾಡಿದೆ, ಸೇವ್ ಮಾಡೋಕೆ ಹೋದರೆ ಪಿಎಸ್‌ಡಿ ಆಗಲ್ಲ ಅಂತಿದೆ.

ಹಳೇಲೇಯರ್

ಶ್ಯಾಡೋ ಗ್ರೂಪ್‌ಗೆ ಹಾಕಿದ್ದು, ಅದಕ್ಕೇ ಕಾಣ್ತಿಲ್ಲ. ಗ್ರೂಪ್‌ನ ಸ್ಟೈಲ್ ಕಾಪಿ ಮಾಡಿ (ಕಾಪಿ ಲೇಯರ್ ಸ್ಟೈಲ್), ಗ್ರೂಪ್‌ನಿಂದ ಅದನ್ನು ಕ್ಲಿಯರ್ ಮಾಡಿ, ಗ್ರೂಪ್ ಸೆಲೆಕ್ಟ್ ಇದ್ದಾಗಲೇ ಕಂಟ್ರೋಲ್+ಇ. ಹೂವೆಲ್ಲ ಒಂದೇ ಲೇಯರ್ ಆಗುತ್ತೆ, ಅದಕ್ಕೆ ಸ್ಟೈಲ್ ಪೇಸ್ಟ್ ಮಾಡಿ. ಒಂದೊಂದು ಹೂವಿಗೂ ಬೇರೆಬೇರೆ ಪೇಸ್ಟ್ ಮಾಡೋಕೆ ಹೋದರೆ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು ಕೊಳಕಾಗುತ್ತೆ.

ಫ್ಲೆಕ್ಸ್‌ದು ಬರೀ ಲೆಕ್ಕ. 40 ಅಡಿ ಅಂದ್ರೆ 480 ಇಂಚು, 72ರಿಂದ ಗುಣಿಸಿದರೆ 34,560 ಪಿಕ್ಸೆಲ್. ಪಿಎಸ್‌ಡಿಗೆ ಒಂದು ಬದಿಗೆ 30,000 ಪಿಕ್ಸೆಲ್, ಫೈಲ್ 2 ಜಿಬಿ, ಅಷ್ಟೇ ಮಿತಿ. ಅದನ್ನ ದಾಟಿದರೆ ಪಿಎಸ್‌ಬಿ, ಆದರೆ ಅದು ಸಿಎಸ್ ಜೊತೆ ಬಂದ ಫಾರ್ಮ್ಯಾಟ್, 7 ಅದನ್ನ ತೆರೆಯೋದೇ ಇಲ್ಲ. ಇಮೇಜ್ ಸೈಜ್‌ನಲ್ಲಿ ರೀಸ್ಯಾಂಪಲ್ ಟಿಕ್ ಇಟ್ಟು ರೆಸಲ್ಯೂಷನ್ 36 ಮಾಡಿ: 17,280×8,640. ಅಷ್ಟು ದೊಡ್ಡ ಫ್ಲೆಕ್ಸನ್ನು ರಸ್ತೆಯಿಂದ ನೋಡೋರಿಗೆ 36 ಸಾಕು. ಸ್ಟೈಲ್ ಇರೋ ಲೇಯರ್ ಇದ್ದರೆ ಅದೇ ಡೈಲಾಗ್‌ನ ಗೇರ್ ಗುರುತಿನಲ್ಲಿ ಸ್ಕೇಲ್ ಸ್ಟೈಲ್ಸ್ ಆನ್ ಇರಲಿ, ಇಲ್ಲಾಂದ್ರೆ ಅಕ್ಷರ ಅರ್ಧ ಆಗಿ ಸ್ಟ್ರೋಕ್ ಮೊದಲಿನಷ್ಟೇ ದಪ್ಪ ಉಳಿಯುತ್ತೆ.