ಪದಚರ್ಚೆ: ‘ಅಂಡರ್‌ಗ್ರೌಂಡ್’ ಹಿಪ್‌ಹಾಪ್ ಕಲಾವಿದನನ್ನು ‘ಭೂಗತ’ ಎನ್ನಬಹುದೆ? (ಫಲಕ ನಾಳೆ ಅಚ್ಚಿಗೆ)

ಸರಸ್ವತಿಪುರಂ, ಮೈಸೂರಿನಿಂದ:

ಬಲ್ಲವರಲ್ಲಿ ಒಂದು ತುರ್ತು ಕೋರಿಕೆ. ಮೈಸೂರಿನ ಒಂದು ಸಂಗೀತ ಕೂಟಕ್ಕೆ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಕನ್ನಡ ಫಲಕ ಆಗಬೇಕಿದೆ. ನಾಳೆ ಬೆಳಿಗ್ಗೆ 11ಕ್ಕೆ ಅಚ್ಚಿಗೆ ಕೊಡಬೇಕು. ವಿಷಯ: ಹಿಪ್‌ಹಾಪ್ (ತಾಳದ ಮೇಲೆ ಪ್ರಾಸ ಕಟ್ಟಿ ಮಾತಾಡುವ ಸಂಗೀತ) ಕಲಾವಿದ ಎಂಎಫ್ ಡೂಮ್. ಸದ್ಯಕ್ಕೆ ಇರುವ ಕರಡು ಇದು:

“ಭೂಗತ ಕಲಾವಿದ ಎಂಎಫ್ ಡೂಮ್ (1971–2020). ಲಂಡನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಬೆಳೆದವರು. ಲೋಹದ ಮುಖವಾಡ ತೊಟ್ಟು ಹಾಡಿದರು. ಹಳೆಯ ಹಾಡುಗಳ ಮಾದರಿಗಳಿಂದ ಸಂಗೀತ ಕಟ್ಟಿದರು. ಅವರ ಹರಿವು, ಬಾರ್‌ಗಳು ಅನನ್ಯ.”

ಅಂಡರ್‌ಗ್ರೌಂಡ್, ಫ್ಲೋ (ತಾಳದ ಮೇಲೆ ಮಾತು ಸಾಗುವ ಬಗೆ), ಬಾರ್ (ನಾಲ್ಕು ಎಣಿಕೆಯ ಅಳತೆ), ಸ್ಯಾಂಪಲ್ (ಹಳೆಯ ರೆಕಾರ್ಡಿನಿಂದ ಎತ್ತಿದ ಧ್ವನಿ) ನಾಲ್ಕಕ್ಕೂ ಪದ ಬೇಕು. ಓದುವವರು ಕಾಲೇಜು ಹುಡುಗ ಹುಡುಗಿಯರು, ಜೊತೆಗೆ ಅವರ ಮನೆಯ ಹಿರಿಯರು.

ಮಂಡ್ಯದಿಂದ:

‘ಭೂಗತ ಕಲಾವಿದ’ ಕೂಡದು. ‘ಭೂಗತ ದೊರೆ’, ‘ಭೂಗತ ಪಾತಕಿ’ ಎಂದು ಪತ್ರಿಕೆಗಳು ದಶಕಗಳಿಂದ ಬರೆದು ಆ ಪದಕ್ಕೆ ಒಂದೇ ಬಣ್ಣ ಹಚ್ಚಿವೆ. ಅದಕ್ಕೂ ಹಿಂದಿನ ಬಳಕೆ ‘ಭೂಗತರಾಗಿ ಕೆಲಸ ಮಾಡಿದರು’ ಎಂಬುದು: 1942ರ ಚಳವಳಿಯವರಿಗೆ ಹೇಳಿದ್ದು, ತುರ್ತುಪರಿಸ್ಥಿತಿಯಲ್ಲಿ ಮತ್ತೆ ಜೀವ ಪಡೆದದ್ದು. ಎರಡೂ ಕಡೆ ಬೆನ್ನ ಹಿಂದೆ ಪೊಲೀಸರಿದ್ದಾರೆ. ಡೂಮ್ ಯಾರಿಂದಲೂ ತಲೆಮರೆಸಿಕೊಂಡವರಲ್ಲ.

‘ಮಾದರಿಗಳಿಂದ’ ಇನ್ನೂ ಕೆಟ್ಟದ್ದು. ‘ಹಳೆಯ ಹಾಡುಗಳ ಮಾದರಿಯಲ್ಲಿ’ ಅಂದರೆ ಅವುಗಳ ಧಾಟಿ ಅನುಸರಿಸಿ ಎಂದರ್ಥ. ಇಲ್ಲಿ ಆಗಿದ್ದು ಅನುಕರಣೆಯಲ್ಲ, ರೆಕಾರ್ಡಿನ ಧ್ವನಿಯನ್ನೇ ಕತ್ತರಿಸಿ ಎತ್ತಿದ್ದು. ಇನ್ನು ‘ಬಾರ್‌ಗಳು ಅನನ್ಯ’ ಎಂಬ ಸಾಲನ್ನು ಆರು ಅಡಿ ಫಲಕದಲ್ಲಿ ಹಾಕಿದರೆ ಹಿರಿಯರು ಏನೆಂದು ಓದುತ್ತಾರೆ, ನೀವೇ ಯೋಚಿಸಿ.

ಕುವೆಂಪುನಗರ, ಮೈಸೂರಿನಿಂದ:

‘ಬೂಗತ’ (ಮಹಾಪ್ರಾಣ ಬಿಟ್ಟು ಬರೆಯುವುದು ನನ್ನ ರೂಡಿ) ಬೇಡ ಎಂಬುದು ಸರಿ. ಆದರೆ ಆ ಜಾಗಕ್ಕೆ ಇಂಗ್ಲಿಶಿನ ಪದವನ್ನು ತಂದು ಕೂರಿಸುವುದೂ ಬೇಡ. ನೆಲ ನಮ್ಮದು, ಅಡಿ ನಮ್ಮದು. ‘ನೆಲದಡಿಯ ಹಾಡುಗಾರ’ ಎಂದರೆ ಯಾರಿಗೆ ತಿಳಿಯುವುದಿಲ್ಲ? ‘ನೆಲಗಡಲೆ’ ಎಂದು ಹೆಸರಿಟ್ಟ ಒಕ್ಕಲಿಗ ಯಾವ ಪದನೆರಕೆಯನ್ನೂ (ನಿಗಂಟನ್ನೂ) ನೋಡಿರಲಿಲ್ಲ.

‘ಮುಕವಾಡ’ವನ್ನು ‘ಮೊಗವಾಡ’ ಮಾಡಿರಿ. ‘ಹರಿವು’ ಇರಲಿ, ಒಳ್ಳೆಯ ಕನ್ನಡ ಪದ. ‘ಅನನ್ಯ’ ತೆಗೆಯಿರಿ. ‘ಕಲಾವಿದ’ ತೆಗೆಯಿರಿ.

ಅಗ್ರಹಾರ, ಮೈಸೂರಿನಿಂದ:

‘ಮೊಗವಾಡ’ ಅಚ್ಚಗನ್ನಡ ಎಂದು ಯಾರು ಹೇಳಿದರು? ಹಳಗನ್ನಡದಲ್ಲಿ ಆನೆಯ ಮುಖಕ್ಕೆ ಹೊದಿಸುವ ಬಟ್ಟೆ ‘ಮೊಗವಡ’. ಅದು ‘ಮುಖಪಟ’ದ ತದ್ಭವ. ನನ್ನ ಮಟ್ಟಿಗೆ ಇಂದಿನ ಮೊಗವಾಡ, ಮುಖವಾಡ ಎರಡೂ ಆ ಬಟ್ಟೆಯಿಂದಲೇ ಬಂದವು. ಪಟ ಎಂದರೆ ಬಟ್ಟೆ. ಮರದ್ದು, ಲೋಹದ್ದು ಆಮೇಲಿನ ಅರ್ಥವಿಸ್ತಾರ. ಪ್ರಸ್ತುತ ವಿಷಯಕ್ಕೂ ಇದು ಹೊಂದುತ್ತದೆ. 1990ರ ದಶಕದ ಕೊನೆಯಲ್ಲಿ ಮ್ಯಾನ್‌ಹಟನ್ನಿನ ನ್ಯೂಯೊರಿಕನ್ ಪೊಯೆಟ್ಸ್ ಕೆಫೆಯಲ್ಲಿ ಡೂಮ್ ಮತ್ತೆ ವೇದಿಕೆ ಏರಿದಾಗ ಮುಖಕ್ಕೆ ಎಳೆದುಕೊಂಡಿದ್ದು ಮಹಿಳೆಯರ ಕಾಲುಚೀಲ, ಅಂದರೆ ಬಟ್ಟೆ. ಲೋಹ ಬಂದದ್ದು ನಂತರ.

ಸಂಸ್ಕೃತದ ಮುಖವೇ ದ್ರಾವಿಡ ಮೂಲದ್ದು ಎಂಬ ವಾದ ಬರುತ್ತದೆಂದು ಗೊತ್ತಿದೆ. ಬಂದರೂ ಫಲಕದಲ್ಲಿ ‘ಮುಖವಾಡ’ವೇ ಇರಲಿ. ಎಲ್ಲರೂ ಆಡುವ ಮಾತು ಅದು.

ಅಂಡರ್‌ಗ್ರೌಂಡಿಗೆ ನನ್ನ ಸಲಹೆ ‘ಎಲೆಮರೆಯ’. ಸಿದ್ಧವಾಗಿ ಇರುವ ನುಡಿಗಟ್ಟು, ಕಿವಿಗೂ ಹಿತ.

ಮಂಡ್ಯದಿಂದ:

ಎಲೆಮರೆಯ ಕಾಯಿ ತಾನಾಗಿ ಮರೆಗೆ ಹೋದದ್ದಲ್ಲ, ನೋಡುವವರು ನೋಡದೆ ಬಿಟ್ಟದ್ದು. ಆ ನುಡಿಗಟ್ಟಿನಲ್ಲಿ ಕನಿಕರವಿದೆ. ಇಲ್ಲಿ ಕನಿಕರಕ್ಕೆ ಎಡೆಯಿಲ್ಲ.

ವೃತ್ತಿಯ ದಾರಿ ನೋಡಿ. ಕೆಎಂಡಿ ಎಂಬ ಹಿಪ್‌ಹಾಪ್ ತಂಡದಲ್ಲಿ ಡೂಮ್ ಅವರ ಹೆಸರು ಝೆವ್ ಲವ್ ಎಕ್ಸ್. 1991ರ ಮೊದಲ ಆಲ್ಬಂ ಬಂದದ್ದು ಎಲೆಕ್ಟ್ರಾದಂಥ ದೊಡ್ಡ ರೆಕಾರ್ಡ್ ಕಂಪನಿಯಿಂದ. ಅಂದರೆ ಶುರುವಾದದ್ದು ನೆಲದ ಮೇಲೆಯೇ. 1993ರಲ್ಲಿ ತಂಡದಲ್ಲಿದ್ದ ತಮ್ಮ ಸಬ್‌ರಾಕ್ ಕಾರು ಬಡಿದು ತೀರಿಕೊಂಡರು. ಮರುವರ್ಷ ಎರಡನೆಯ ಆಲ್ಬಮ್ಮಿನ ಹೊದಿಕೆಯ ಚಿತ್ರದ ವಿಷಯದಲ್ಲಿ ಕಂಪನಿ ಹಿಂದೆ ಸರಿದು ತಂಡವನ್ನೇ ಕೈಬಿಟ್ಟಿತು. ಕೆಲವು ವರ್ಷ ಸದ್ದಿಲ್ಲ. 1999ರಲ್ಲಿ ಮರಳಿ ಆಲ್ಬಂ ತಂದದ್ದು ಎಂಎಫ್ ಡೂಮ್ ಎಂಬ ಬೇರೆ ಹೆಸರಲ್ಲಿ, ರೇಡಿಯೋ ನಿರೂಪಕ ಬಾಬಿಟೊ ಗಾರ್ಸಿಯಾ ನಡೆಸುತ್ತಿದ್ದ ಫಾಂಡಲ್ ಎಮ್ ಎಂಬ ಪುಟ್ಟ ಲೇಬಲ್ಲಿನಿಂದ (ರೆಕಾರ್ಡ್ ಕಂಪನಿಯಿಂದ). ಆಮೇಲೆ ವಿಕ್ಟರ್ ವಾನ್, ಕಿಂಗ್ ಗೀಡೋರಾ ಎಂದು ಒಂದೊಂದು ಪಾತ್ರಕ್ಕೆ ಒಂದೊಂದು ಹೆಸರು. 2004ರಲ್ಲಿ ಸಂಗೀತ ಕಟ್ಟುವ ಮ್ಯಾಡ್‌ಲಿಬ್ ಜೊತೆಗಿನ ‘ಮ್ಯಾಡ್‌ವಿಲನಿ’ ಕೂಡ ಸ್ಟೋನ್ಸ್ ಥ್ರೋ ಎಂಬ ಸ್ವತಂತ್ರ ಲೇಬಲ್ಲಿನಿಂದಲೇ ಬಂತು.

ಹಾಗಾಗಿ ಈ ಬಳಕೆಯಲ್ಲಿ ಅಂಡರ್‌ಗ್ರೌಂಡ್ ಎಂದರೆ ನೆಲವೂ ಅಲ್ಲ, ಮರೆಯೂ ಅಲ್ಲ. ಹಣ ಎಲ್ಲಿಂದ ಬರುತ್ತದೆ, ರೆಕಾರ್ಡನ್ನು ಯಾರು ಹೊರತರುತ್ತಾರೆ, ಯಾವ ರೇಡಿಯೋ ಹಾಕುತ್ತದೆ ಎಂಬುದರ ಮೇಲೆ ನಿಂತ ಪದ ಅದು. ‘ನೆಲದಡಿ’ ಎಂದು ಬಿಡಿಬಿಡಿಯಾಗಿ ಅನುವಾದಿಸಿದರೆ ಈ ಅರ್ಥ ಅದರೊಳಗೆ ತಾನಾಗಿ ಬಂದು ಕೂರುವುದಿಲ್ಲ.

ಶ್ರೀರಂಗಪಟ್ಟಣದಿಂದ:

ನಾಲ್ಕು ಪದಗಳಲ್ಲಿ ಎರಡಕ್ಕೆ ಹೊಸದಾಗಿ ಏನೂ ಕಟ್ಟಬೇಕಿಲ್ಲ. ತಾಳ, ಛಂದಸ್ಸು ಬಲ್ಲವರು ಎಂದೋ ಕೊಟ್ಟಿದ್ದಾರೆ.

ಬಾರ್: ಹಿಪ್‌ಹಾಪ್‌ನಲ್ಲಿ ಒಂದು ಬಾರ್ ಎಂದರೆ ನಾಲ್ಕು ಎಣಿಕೆ. ಚತುರಶ್ರ ಏಕತಾಳದ ಒಂದು ಆವರ್ತವೂ ಅಷ್ಟೇ. ನಿಮಿಷಕ್ಕೆ 90 ಎಣಿಕೆಯ ವೇಗದಲ್ಲಿ ಒಂದು ಆವರ್ತಕ್ಕೆ 2.67 ಸೆಕೆಂಡು, ರೂಢಿಯ 16 ಆವರ್ತಗಳ ಪದ್ಯಕ್ಕೆ ಸುಮಾರು 43 ಸೆಕೆಂಡು. ಆದರೆ ಕೇಳುಗರು ‘ಬಾರ್‌ಗಳು ಚೆನ್ನಾಗಿವೆ’ ಎಂದಾಗ ಅವರು ಹೊಗಳುವುದು ತಾಳವನ್ನಲ್ಲ, ಸಾಲುಗಳನ್ನು. ಎಣಿಕೆಯ ಮಾತಿಗೆ ‘ಆವರ್ತ’, ಸಾಹಿತ್ಯದ ಮಾತಿಗೆ ‘ಸಾಲು’. ಎರಡನ್ನೂ ಒಂದೇ ಪದಕ್ಕೆ ಕಟ್ಟಿಹಾಕಲು ಹೋದರೆ ಕೆಡುತ್ತದೆ.

ಫ್ಲೋ: ‘ಹರಿವು’ ಅಲ್ಲ, ‘ನಡೆ’. ಹರಿವು ಎಂದರೆ ನೀರು ಎಲ್ಲೂ ತಡೆಯದೆ ಹೋಗುವುದು. ಡೂಮ್ ಹಾಗೆ ಹೋಗುವುದಿಲ್ಲ. ತಡೆಯುತ್ತಾರೆ, ಎಡವಿದಂತೆ ಮಾಡುತ್ತಾರೆ, ತಾಳದ ಪೆಟ್ಟಿಗಿಂತ ತುಸು ಹಿಂದೆ ಬೀಳುತ್ತಾರೆ, ಮುಂದಿನ ಪೆಟ್ಟಿಗೆ ಸರಿಯಾಗಿ ಬಂದು ನಿಲ್ಲುತ್ತಾರೆ. ತಿಶ್ರ ನಡೆ, ಚತುರಶ್ರ ನಡೆ ಎಂದು ತಾಳದವರೂ ಷಟ್ಪದಿಯ ನಡೆ ಎಂದು ಛಂದಸ್ಸಿನವರೂ ಹೇಳುವುದು ಇದನ್ನೇ. ಒಂದು ಎಣಿಕೆಗೆ ಮೂರು ಅಕ್ಷರ ತುಂಬುವ ಇಂದಿನ ರ‍್ಯಾಪರುಗಳ ಓಟಕ್ಕೆ ‘ತಿಶ್ರ ನಡೆ’ ಅಂದರೆ ಮೃದಂಗದ ವಿದ್ಯಾರ್ಥಿಗೂ ತಟ್ಟನೆ ತಿಳಿಯುತ್ತದೆ.

ಡೂಮ್ ಅವರ ಇನ್ನೊಂದು ಗುರುತು, ವಾಕ್ಯ ಆವರ್ತದ ಕೊನೆಗೆ ನಿಲ್ಲದೆ ಮುಂದಿನ ಆವರ್ತದೊಳಕ್ಕೆ ನುಗ್ಗುವುದು. ನಮ್ಮವರಿಗೆ ಇದೇನೂ ಹೊಸದಲ್ಲ. ಕನ್ನಡ ಕವಿಗಳು ಯತಿಯನ್ನು (ಸಾಲಿನಲ್ಲಿ ನಿಲ್ಲಬೇಕಾದ ಜಾಗವನ್ನು) ಲೆಕ್ಕಿಸದೆ ದಾಟುತ್ತಾರೆ ಎಂದು ಕವಿರಾಜಮಾರ್ಗವೇ ಗುರುತಿಸಿದೆ. ‘ಯತಿ ದಾಟುವ ಸಾಲು’ ಅಂದರೆ ಸಾಕು.

ಪ್ರಾಸದ ಬಗ್ಗೆ ಯಾರೂ ಕೇಳಲಿಲ್ಲ, ಆದರೆ ಡೂಮ್ ಎಂದರೆ ಮೊದಲು ಪ್ರಾಸ. ಫಲಕದಲ್ಲಿ ಬರೀ ‘ಪ್ರಾಸ’ ಎಂದರೆ ಕನ್ನಡದ ಓದುಗ ಎರಡನೆಯ ಅಕ್ಷರ ನೋಡುತ್ತಾನೆ. ನಮ್ಮ ಆದಿಪ್ರಾಸದಲ್ಲಿ ವ್ಯಂಜನ ಒಂದೇ ಇರಬೇಕು, ಅದರ ಮೇಲಿನ ಸ್ವರ ಬದಲಾಗಬಹುದು. ಅವರದ್ದು ತಿರುಗುಮುರುಗು: ಸ್ವರಗಳು ಸಾಲಾಗಿ ಒಂದೇ, ವ್ಯಂಜನಗಳು ಬೇರೆ ಬೇರೆ. ಈಗ ಕಟ್ಟಿದ ಉದಾಹರಣೆ:

ಆಲೆಮನೆ ಹೊಗೆ, ಸಾಲಮನೆ ಹಗೆ

ಇದು ನಮ್ಮ ಕ್ರಮ. ಎರಡನೆಯ ಅಕ್ಷರ ಲೆ, ಲ. ಹಿಂದೆ ದೀರ್ಘ, ಆದ್ದರಿಂದ ಗಜಪ್ರಾಸ. ಸ್ವರ ಬೇರೆಯಾದರೂ ಪ್ರಾಸಕ್ಕೆ ಭಂಗವಿಲ್ಲ.

ಆಲೆಮನೆ ಹೊಗೆ, ಹಾಗೆ ನಡೆ ಕೊನೆ

ಇದು ಡೂಮ್ ಕ್ರಮ. ಆ-ಎ-ಅ-ಎ-ಒ-ಎ, ಆರಕ್ಕೆ ಆರೂ ಸ್ವರ ಕೂಡಿವೆ; ಪ್ರಾಸಾಕ್ಷರ ಮಾತ್ರ ಲ ಒಂದು ಕಡೆ, ಗ ಇನ್ನೊಂದು ಕಡೆ. ಲಕ್ಷಣಕಾರರು ಇದನ್ನು ಪ್ರಾಸವೆಂದು ಒಪ್ಪುವುದಿಲ್ಲ. ಇಂಥದ್ದನ್ನು ಡೂಮ್ ಸಾಲಿನ ಕೊನೆಯಲ್ಲಿ ಮಾತ್ರವಲ್ಲ, ನಡುವೆ ಎರಡು ಮೂರು ಕಡೆ ಹೆಣೆಯುತ್ತಾರೆ. ‘ಸ್ವರಪ್ರಾಸದ ಸರಪಳಿ’ ಎಂದು ಬರೆಯಿರಿ. ಕಿವಿಯಿದ್ದವರು ಹಿಡಿದುಕೊಳ್ಳುತ್ತಾರೆ.

ಸ್ಯಾಂಪಲ್‌ಗೆ ‘ತುಣುಕು’, ಲೂಪ್‌ಗೆ ‘ಸುತ್ತು’. ಕೆಲಸವೂ ಹಾಗೆಯೇ ನಡೆಯುವುದು: ಹಳೆಯ ರೆಕಾರ್ಡಿನಿಂದ ಒಂದೆರಡು ಆವರ್ತ ಎತ್ತಿ, ಕೊನೆಯನ್ನು ತಲೆಗೆ ಜೋಡಿಸಿ, ಮತ್ತೆ ಮತ್ತೆ ತಿರುಗಿಸುವುದು. ತುದಿ ಕೂದಲೆಳೆಯಷ್ಟು ತಪ್ಪಿದರೂ ಪ್ರತಿ ಸುತ್ತಿನಲ್ಲಿ ತಾಳ ಜಾರುತ್ತದೆ, ಟಕ್ಕೆಂದು ಸದ್ದೂ ಬರುತ್ತದೆ. ನಿಮಿಷಕ್ಕೆ 33⅓ ಬಾರಿ ತಿರುಗಬೇಕಾದ ರೆಕಾರ್ಡನ್ನು 45 ಬಾರಿ ತಿರುಗಿಸಿ ಎತ್ತಿದರೆ ವೇಗ 1.35 ಪಟ್ಟು, ಶ್ರುತಿ ಐದು ಅರೆಸ್ವರಕ್ಕಿಂತ ತುಸು ಹೆಚ್ಚೇ ಏರುತ್ತದೆ. 66 ಎಣಿಕೆಯ ನಿಧಾನದ ಹಾಡು 89ಕ್ಕೆ ಬಂದು ರ‍್ಯಾಪಿಗೆ ಸರಿಹೋಗುತ್ತದೆ. ಅರೆಸ್ವರಗಳ ಲೆಕ್ಕಕ್ಕೆ ಸರಿಯಾಗಿ ಕೂರದ ಆ ಚಿಲ್ಲರೆಯಿಂದಲೇ ಮೇಲಿಂದ ಹಾಡುವವರ ಶ್ರುತಿಗೂ ಸುತ್ತಿನ ಶ್ರುತಿಗೂ ಕಚ್ಚಾಟ. 2004ರ ‘ಮ್ಯಾಡ್‌ವಿಲನಿ’ ಆಲ್ಬಮ್ಮಿನ ಸಂಗೀತದಲ್ಲಿ ಒಂದಷ್ಟನ್ನು ಮ್ಯಾಡ್‌ಲಿಬ್ ಬ್ರೆಜಿಲ್ ಪ್ರವಾಸದಲ್ಲಿ ಬಾಸ್ ಎಸ್‌ಪಿ-303 ಎಂಬ ತುಣುಕೆತ್ತುವ ಚಿಕ್ಕ ಪೆಟ್ಟಿಗೆ, ಕೈಯಲ್ಲಿ ಒಯ್ಯಬಹುದಾದ ಒಂದು ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡು ಮಾಡಿದ್ದು.

ಕುವೆಂಪುನಗರ, ಮೈಸೂರಿನಿಂದ:

‘ನಡೆ’ ಒಪ್ಪಿದೆ. ‘ಹರಿವು’ ಎಂದದ್ದು ನನ್ನ ತಪ್ಪು. ‘ಆವರ‍್ತ’ ಯಾಕೆ? ‘ಸುತ್ತು’ ಇದೆಯಲ್ಲ.

ಶ್ರೀರಂಗಪಟ್ಟಣದಿಂದ:

ಸುತ್ತನ್ನು ಲೂಪಿಗೆ ಕೊಟ್ಟಾಯಿತು. ಒಂದು ಸುತ್ತಿನಲ್ಲಿ ಎರಡು ಆವರ್ತ ಇರುತ್ತವೆ, ನಾಲ್ಕೂ ಇರಬಹುದು. ಎರಡು ಬೇರೆ ವಸ್ತುಗಳಿಗೆ ಒಂದೇ ಪದ ಕೊಟ್ಟು ಶುದ್ಧಗನ್ನಡ ಉಳಿಸಿದೆವು ಎನ್ನುವುದು ಕೆಲಸಕ್ಕೆ ಬಾರದು.

ಅಗ್ರಹಾರ, ಮೈಸೂರಿನಿಂದ:

ಇದೇ ಈ ಅಚ್ಚಗನ್ನಡ ಪಂಥದ ತೊಡಕು. ಸಾವಿರ ವರ್ಷ ಬಳಸಿದ ಸಂಸ್ಕೃತ ಪದವನ್ನು ಕಿತ್ತು ಹಾಕಬೇಕು; ಹಿಪ್‌ಹಾಪ್ ಎಂಬ ಹೆಸರಿನ ಬಗ್ಗೆ ಮಾತ್ರ ಚಕಾರವಿಲ್ಲ.

ಕುವೆಂಪುನಗರ, ಮೈಸೂರಿನಿಂದ:

ಹಿಪ್‌ಹಾಪ್ ಅವರ ಕಸುಬಿನ ಹೆಸರು, ಅದನ್ನು ಮಾರ‍್ಪಡಿಸುವ ಹಕ್ಕು ನಮಗಿಲ್ಲ. ದೋಸೆಯನ್ನು ಅವರು ದೋಸೆ ಎಂದೇ ಕರೆಯಲಿ ಎನ್ನುವವರು ನಾವು. ಆದರೆ ನಮ್ಮಲ್ಲಿ ಪದ ಇರುವಲ್ಲಿ ಎರವಲು ಯಾಕೆ ಎಂಬುದಕ್ಕೆ ನಿಮ್ಮಿಂದ ಇನ್ನೂ ಮರುಮಾತು ಬಂದಿಲ್ಲ.

ಮಂಡ್ಯದಿಂದ:

ಬಸ್ಸು, ಬೆಂಚು, ಪೆನ್ನುಗಳಿಗೆ ಉಕಾರ ಹಚ್ಚಿ ನಮ್ಮವನ್ನಾಗಿ ಮಾಡಿಕೊಂಡ ಭಾಷೆ ಇದು. ಎರವಲು ಕೆಡುವುದು ಅರ್ಥ ತಪ್ಪಿದಾಗ, ಮೂಲ ಬೇರೆ ಎಂಬ ಕಾರಣಕ್ಕಲ್ಲ. ಕರಡಿನಲ್ಲಿ ಅರ್ಥ ಕೆಡಿಸಿದ್ದು ‘ಭೂಗತ’, ‘ಮಾದರಿ’ ಎಂಬ ಅನುವಾದಗಳು. ಹಿಪ್‌ಹಾಪ್ ಎಂಬ ಎರವಲು ಯಾರನ್ನೂ ದಾರಿ ತಪ್ಪಿಸಿಲ್ಲ. ಅಂಡರ್‌ಗ್ರೌಂಡ್ ಹಾಗೇ ಇಟ್ಟು ಮುಂದಿನ ವಾಕ್ಯದಲ್ಲಿ ಅರ್ಥ ಬಿಡಿಸಿ. ಫಲಕದಲ್ಲಿ ಅದಕ್ಕೆ ಜಾಗವಿದೆ.

ಮದ್ದೂರಿನಿಂದ:

ಪದದ ಜಗಳದಲ್ಲಿ ಅಚ್ಚಿನ ವಿಷಯ ಮರೆಯಬೇಡಿ. ‘ರ‍್ಯಾಪ್’ ಬರೆಯುವಾಗ ರ, ಹಲಂತ, ಯ ಎಂದಷ್ಟೇ ಕುಟ್ಟಿದರೆ ‘ರ್ಯಾಪ್’ ಆಗಿ, ಕಾರ್ಯದಲ್ಲಿರುವಂತೆ ಅರ್ಕಾವತ್ತು ಬಲಕ್ಕೆ ಹಾರುತ್ತದೆ. ರ ಆದಮೇಲೆ ಕಾಣದ ಜೋಡಕ, ಅಂದರೆ ಶೂನ್ಯ ಅಗಲದ ಜಾಯಿನರ್, ಆಮೇಲೆ ಹಲಂತ, ಆಮೇಲೆ ಯ. ಆಗ ರ ಪೂರ್ತಿ ನಿಂತು ಕೆಳಗೆ ಯ ಒತ್ತು ಬರುತ್ತದೆ. ಕುವೆಂಪುನಗರದವರು ‘ಮಾರ‍್ಪಡಿಸುವ’ ಎಂದು ಬರೆದಿರುವುದೂ ಇದೇ ಕೀಲಿಕ್ರಮದಿಂದ. ಈ ವಿಷಯದಲ್ಲಿ ಅವರ ಬರಹ ನೋಡಿ ಕಲಿಯಬಹುದು.

ಫ್ಲೆಕ್ಸ್ ಅಂಗಡಿಗಳಲ್ಲಿ ವಿನ್ಯಾಸ ಮಾಡುವ ಕೋರಲ್‌ಡ್ರಾ ತಂತ್ರಾಂಶ ಹಳೆಯದಿದ್ದರೆ ಯೂನಿಕೋಡ್ ಪಠ್ಯ ಅಂಟಿಸಿದ ಕೂಡಲೆ ಒತ್ತು, ಗುಣಿತ ಕಳಚಿಕೊಳ್ಳುತ್ತವೆ. ‘ನುಡಿ’ ತಂತ್ರಾಂಶದ ಹಳೆಯ ಸಂಕೇತಕ್ಕೆ ಪರಿವರ್ತಿಸಿದರೆ ಮೊದಲು ಬೀಳುವುದೇ ಆ ಜೋಡಕ. ಪಠ್ಯ ಕೊಡಬೇಡಿ. ಅಕ್ಷರಗಳನ್ನು ಆಕಾರಗಳಾಗಿ ಮಾಡಿ, ನಿಜ ಅಳತೆಯಲ್ಲಿ ಪಿಡಿಎಫ್ ಕೊಡಿ.

ಇನ್ನೊಂದು. ತನ್ನ ಹೆಸರನ್ನು ದೊಡ್ಡಕ್ಷರಗಳಲ್ಲೇ ಬರೆಯಬೇಕು ಎಂದು ಡೂಮ್ ಪಟ್ಟುಹಿಡಿದಿದ್ದವರು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಹೆಸರು ಬಂದ ಕಡೆಯಲ್ಲೆಲ್ಲ ಉಳಿದ ಪಠ್ಯಕ್ಕಿಂತ ದಪ್ಪನೆಯ ಅಕ್ಷರ ಕೊಡಿ, ತಲೆಬರಹದಲ್ಲಿ ಮಾತ್ರ ಸಾಲದು. ‘ಡೂಮ್’ನ ಕೊನೆಯ ಹಲಂತ ಬಿಟ್ಟುಹೋಗಿ ‘ಡೂಮ’ ಆಗದಂತೆಯೂ ನೋಡಿ.

ಸರಸ್ವತಿಪುರಂ, ಮೈಸೂರಿನಿಂದ:

ಎಲ್ಲರಿಗೂ ವಂದನೆ. ಅಚ್ಚಿಗೆ ಹೋಗುವ ಪಾಠ:

“ಎಂಎಫ್ ಡೂಮ್ (1971–2020). ಅಂಡರ್‌ಗ್ರೌಂಡ್ ಹಿಪ್‌ಹಾಪ್‌ನ ದೊಡ್ಡ ಹೆಸರು. ದೊಡ್ಡ ಕಂಪನಿ ಕೈಬಿಟ್ಟ ಮೇಲೆ ಮುಖವಾಡ ತೊಟ್ಟು, ಹೊಸ ಹೆಸರಿಟ್ಟುಕೊಂಡು, ಪುಟ್ಟ ಸ್ವತಂತ್ರ ಲೇಬಲ್ಲುಗಳಿಂದಲೇ ರೆಕಾರ್ಡು ತಂದರು. ಹಳೆಯ ರೆಕಾರ್ಡುಗಳಿಂದ ಎತ್ತಿದ ತುಣುಕುಗಳ ಸುತ್ತು, ಅದರ ಮೇಲೆ ಯತಿ ದಾಟುವ ಸಾಲು, ಸ್ವರಪ್ರಾಸದ ಸರಪಳಿ, ತಾಳಕ್ಕಿಂತ ತುಸು ಹಿಂದೆ ಬೀಳುವ ನಡೆ: ಡೂಮ್ ಅವರ ರ‍್ಯಾಪಿನ ಗುರುತು ಇದು.”

ಕುವೆಂಪುನಗರ, ಮೈಸೂರಿನಿಂದ:

‘ಸ್ವತಂತ್ರ’ ತೆಗೆದರೂ ತಿಳಿಯುತ್ತದೆ. ‘ಪುಟ್ಟ’ ಸಾಕು.

ಮಂಡ್ಯದಿಂದ:

ಸಾಲದು. ಲೇಬಲ್ ಪುಟ್ಟದಾಗಿದ್ದೂ ದೊಡ್ಡ ಕಂಪನಿಯ ಕೈಕೆಳಗೆ ಇರಬಹುದು. ‘ಸ್ವತಂತ್ರ’ ಇರಲಿ, ಕಳಿಸಿಬಿಡಿ.