ಎಂಜಿನ್ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುತ್ತಾ?

ಪ್ರಶ್ನೆ (ಶಿಡ್ಲಘಟ್ಟದ ರೇಷ್ಮೆ ರೈತ): ಸರ್, ಮಗಳು ಪೈಲಟ್ ತರಬೇತಿಗೆ ಸೇರಿದ್ದಾಳೆ. ಸೆಸ್ನಾ 172 ಅಂತೆ, ಒಂದೇ ಎಂಜಿನ್. ಮೇಲೆ ಹೋದಾಗ ಅದು ಕೈಕೊಟ್ಟರೆ ಗತಿ ಏನು? ಮನೆಯಾಕೆಗೆ ನಿದ್ದೆ ಇಲ್ಲ. ನನಗೂ ಇಲ್ಲ, ಹೇಳಿಕೊಂಡಿಲ್ಲ ಅಷ್ಟೇ.

ಉತ್ತರ (ಹಾರಾಟ ತರಬೇತುದಾರ): ಬೀಳಲ್ಲ ಯಜಮಾನ್ರೇ, ತೇಲಿಕೊಂಡು ಇಳಿಯುತ್ತದೆ. ಗಾಳಿ ಇಲ್ಲದಿದ್ದರೆ 1000 ಅಡಿ ಎತ್ತರಕ್ಕೆ ಸುಮಾರು 2.5 ಕಿ.ಮೀ. ಮುಂದೆ ಹೋಗುತ್ತದೆ. ಆದರೆ ವೇಗ 65 ನಾಟ್, ಅಂದರೆ ಗಂಟೆಗೆ 120 ಕಿ.ಮೀ. ಆಸುಪಾಸಿನಲ್ಲಿ ಇರಬೇಕು. ಗಾಬರಿಯಲ್ಲಿ ಮೂತಿ ಮೇಲೆತ್ತಿದರೆ ವೇಗ ಸತ್ತು, ರೆಕ್ಕೆ ಹಿಡಿತ ಬಿಡುತ್ತದೆ. ಆಗ ಮಾತ್ರ ನಿಮ್ಮ ಕಲ್ಲಿನ ಲೆಕ್ಕ.

ಇನ್ನೊಂದು ಮಾತು. ನಮ್ಮ ಚಿಕ್ಕಬಳ್ಳಾಪುರದ ನೆಲವೇ ಸಮುದ್ರಮಟ್ಟದಿಂದ 3000 ಅಡಿ ಮೇಲಿದೆ. ಎತ್ತರದ ಮೀಟರ್ 5000 ಅಡಿ ತೋರಿಸಿದರೆ ಕಾಲ ಕೆಳಗಿರುವುದು ಬರೀ 2000 ಅಡಿ. ಇಳಿಯಲು ಮೂರು ನಿಮಿಷವೂ ಸಿಗಲ್ಲ. ಅಷ್ಟರಲ್ಲೇ ಜಾಗ ಹುಡುಕಬೇಕು, ಪೆಟ್ರೋಲ್ ವಾಲ್ವ್, ಮಿಕ್ಸ್ಚರ್ (ಪೆಟ್ರೋಲ್-ಗಾಳಿ ಬೆರಕೆಯ ಹಿಡಿ), ಮ್ಯಾಗ್ನೆಟೊ (ಕಿಡಿ ಕೊಡುವ ಸಾಧನ) ನೋಡಬೇಕು, ರೇಡಿಯೊದಲ್ಲಿ ‘ಮೇಡೇ’ ಅಂತ ಅಪಾಯದ ಕರೆ ಕೊಡಬೇಕು. ಟೇಕಾಫ್ ಆದ ಕೂಡಲೇ ನಿಂತರಂತೂ ರನ್‌ವೇಗೆ ತಿರುಗಬಾರದು. ನೇರ ಎದುರಿಗೆ ಇರುವುದೇ ಜಾಗ.

ಪ್ರಶ್ನೆ: ಸುಮ್ನೆ ಯಾಕೆ ನಿಲ್ಲುತ್ತದೆ ಸರ್?

ಉತ್ತರ: ಸುಮ್ನೆ ನಿಲ್ಲುವುದು ಕಡಿಮೆ. ಪೆಟ್ರೋಲ್ ಮುಗಿದಿರುತ್ತದೆ, ಇಲ್ಲಾ ಅದರಲ್ಲಿ ನೀರು ಸೇರಿರುತ್ತದೆ. ಅದಕ್ಕೇ ಹಾರುವ ಮುಂಚೆ ರೆಕ್ಕೆಯ ಕೆಳಗಿಂದ ಸಣ್ಣ ಕಪ್ಪಿಗೆ ಬಿಟ್ಟು ನೋಡುತ್ತೇವೆ. ನೀಲಿ ಪೆಟ್ರೋಲ್, ನೀರಿದ್ದರೆ ತಳದಲ್ಲಿ ಗುಂಡಗೆ ಕೂತಿರುತ್ತದೆ.

ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬೊರೇಟರ್‌ನಲ್ಲಿ ಐಸ್ ಕಟ್ಟುವುದೂ ಉಂಟು. ಹೊರಗೆ 20 ಡಿಗ್ರಿ ಇದ್ದರೂ, ತೇವ ಜಾಸ್ತಿಯಿದ್ದರೆ ಕಟ್ಟುತ್ತದೆ. ಒಂದು ಮಳೆಗಾಲದ ಬೆಳಿಗ್ಗೆ ನನಗೇ ಆಯಿತು. ಆರ್‌ಪಿಎಂ, ಅಂದರೆ ಎಂಜಿನ್ ಸುತ್ತುವ ವೇಗ, ಕಳ್ಳನ ಹಾಗೆ ಇಳಿಯುತ್ತಿತ್ತು. ಕಾರ್ಬೊರೇಟರ್‌ಗೆ ಬಿಸಿಗಾಳಿ ಬಿಡುವ ಗುಂಡಿ, ಕಾರ್ಬ್ ಹೀಟ್, ಎಳೆದೆ. ಎಂಜಿನ್ ಕೆಮ್ಮಿತು, ಇನ್ನೂ ಒರಟಾಯಿತು. ಪಕ್ಕದ ಹುಡುಗ ಅದನ್ನು ವಾಪಸ್ ತಳ್ಳಲು ಕೈ ಚಾಚಿದ. ತಡೆದೆ. ಐಸ್ ಕರಗಿ ನೀರು ಒಳಗೆ ಹೋಗುವಾಗ ಹಾಗೆಯೇ ಕೆಮ್ಮುವುದು. ಸ್ವಲ್ಪ ಹೊತ್ತಿಗೆ ಸರಿಹೋಯಿತು.

ಪ್ರಶ್ನೆ (ದ್ರಾಕ್ಷಿ ಬೆಳೆಗಾರ): ನಮ್ಮ ಕಡೆ ಬಯಲಿಗೇನು ಬರ, ಅಲ್ವಾ?

ಉತ್ತರ: ಮೇಲಿಂದ ನಿಮ್ಮ ದ್ರಾಕ್ಷಿ ಚಪ್ಪರ ಹಸಿರು ಚಾಪೆಯ ಹಾಗೆ ಕಾಣುತ್ತದೆ ಅಣ್ಣ. ಕೆಳಗೆ ಕಲ್ಲುಕಂಬ, ಮೇಲೆ ತಂತಿ! ಟೊಮೆಟೊ ತೋಟದಲ್ಲಿ ಕೋಲು, ತಂತಿ. ಕೆರೆ ಅಂಗಳದಲ್ಲಿ ಮೇಲೆ ಒಣಗಿದ್ದರೂ ಒಳಗೆ ಕೆಸರು, ಮುಂದಿನ ಚಕ್ರ ಹೂತು ವಿಮಾನ ಮಗುಚುತ್ತದೆ. ಕರೆಂಟ್ ತಂತಿ ಕಣ್ಣಿಗೇ ಬೀಳಲ್ಲ, ಕಂಬ ಹುಡುಕಬೇಕು. ನನ್ನ ಆಯ್ಕೆ ಕೊಯ್ಲಾದ ರಾಗಿ ಹೊಲ. ಉತ್ತಿದ್ದರೆ ಸಾಲಿನ ಉದ್ದಕ್ಕೇ ಇಳಿಸಬೇಕು, ಅಡ್ಡ ಅಲ್ಲ. ಬದು ಸಿಕ್ಕರೆ ಚಕ್ರ ಹೋಗುತ್ತದೆ, ಹೋಗಲಿ. ಇಳಿಯುವ ಮುಂಚೆ ಬಾಗಿಲಿನ ಚಿಲಕ ತೆಗೆದಿಡುತ್ತೇವೆ, ಬಡಿತಕ್ಕೆ ಸಿಕ್ಕಿಹಾಕಿಕೊಳ್ಳದಿರಲಿ ಅಂತ.

ಪ್ರಶ್ನೆ: ನಮ್ಮ ಹೊಲಕ್ಕೇ ಇಳಿದರೆ?

ಉತ್ತರ: 112ಕ್ಕೆ ಫೋನ್ ಮಾಡಿ. ಬೀಡಿ ಆರಿಸಿ. ಒಳಗಿನವರನ್ನು ಇಳಿಸಲು ನೆರವಾಗಿ, ಆದರೆ ಹಿಂದಿನಿಂದ ಹೋಗಿ. ಮೂತಿಯ ಫ್ಯಾನ್ ನಿಂತಿದ್ದರೂ ಮುಟ್ಟಬೇಡಿ, ಒಂದು ಸುತ್ತು ಹೊಡೆದುಬಿಡಬಹುದು. ಸೆಲ್ಫಿಗೆ ರೆಕ್ಕೆ ಹತ್ತಬೇಡಿ.

ಶಿಡ್ಲಘಟ್ಟದ ರೈತ: ನಿನ್ನೆ ಮಗಳಿಗೆ ಫೋನಿನಲ್ಲಿ ಕೇಳಿದೆ ಸರ್, ನಮ್ಮೂರ ಮೇಲೆ ಎಂಜಿನ್ ನಿಂತರೆ ಎಲ್ಲಿ ಇಳಿಸ್ತೀಯಾ ಅಂತ. ‘ಅಜ್ಜಿ ಹೊಲದಲ್ಲಿ ರಾಗಿ ಕೊಯ್ದಾಯ್ತಾ ಅಪ್ಪಾ?’ ಅಂದಳು.